ಪಬ್ಲಿಕ್ಕಾ, ಪ್ರೈವೇಟಾ, ಹೈಬ್ರಿಡ್ಡಾ? ಕ್ಲೌಡ್‌ಗೆ ಮೂರು ಕೊಟೇಶನ್ ಬಂದು ಮಂಡೆ ಬೆಚ್ಚ ಆಗಿದೆ, ಸ್ವಲ್ಪ ಹೇಳಿ ಮಾರಾಯ್ರೆ

ಗೋಡಂಬಿ_ಲೆಕ್ಕ | ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಒಂದು ಗೋಡಂಬಿ ಕಂಪನಿಯಲ್ಲಿ ಅಕೌಂಟ್ಸ್ ನೋಡುವವನು. ಒಮ್ಮೆ ಪ್ರಿಂಟರ್ ರಿಪೇರಿ ಮಾಡಿದ ತಪ್ಪಿಗೆ ಈಗ ಐಟಿ ಕೂಡ ನನ್ನದೇ. ಕಾರ್ಕಳದ ಹತ್ತಿರ ಎರಡು ಫ್ಯಾಕ್ಟರಿ, ಬೈಕಂಪಾಡಿಯಲ್ಲಿ ಆಫೀಸು ಮತ್ತು ಗೋಡೌನ್. ಇಆರ್‌ಪಿ (ಖರೀದಿ, ಸ್ಟಾಕ್, ಮಾರಾಟ ನೋಡುವ ಸಾಫ್ಟ್‌ವೇರ್), ಟ್ಯಾಲಿ, ಕೆಲಸದವರ ಹಾಜರಿ, ಲಾರಿ ತೂಕ ಮಾಡುವ ವೇಬ್ರಿಜ್ ಲೆಕ್ಕ ಎಲ್ಲ ಒಂದೇ ಸರ್ವರ್‌ನಲ್ಲಿ ಉಂಟು. ಅದಕ್ಕೆ ಏಳು ವರ್ಷ ಆಯಿತು, ವಾರಂಟಿ ಯಾವಾಗಲೋ ಮುಗಿದಿದೆ. ಹೋದ ವಾರ ಒಂದು ಡಿಸ್ಕ್ ಸತ್ತಿತು. ಎರಡು ಡಿಸ್ಕ್‌ನಲ್ಲೂ ಒಂದೇ ಡೇಟಾ ಬರೆಯುವ ಹಾಗೆ ಇಟ್ಟದ್ದಕ್ಕೆ ಬಚಾವ್.

ಅಷ್ಟರಲ್ಲಿ ಧಣಿಗಳು ಬೆಂಗಳೂರಿನಲ್ಲಿ ಎಂತದೋ ಸೆಮಿನಾರಿಗೆ ಹೋಗಿ ಬಂದರು. ಈಗ ದಿನಾ ಬೆಳಿಗ್ಗೆ "ನಮ್ಮದು ಹೈಬ್ರಿಡ್ ಕ್ಲೌಡ್ ಆಗಬೇಕು" ಎನ್ನುತ್ತಾರೆ. ಎಂತಕ್ಕೆ ಅಂತ ಕೇಳಿದರೆ "ಎಲ್ಲರೂ ಮಾಡುತ್ತಿದ್ದಾರೆ".

ಬಂದ ಕೊಟೇಶನ್ ಹೀಗಿವೆ. ಒಬ್ಬರು ಎಲ್ಲವನ್ನೂ ಪಬ್ಲಿಕ್ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೇಲೆ ಬಾಡಿಗೆಗೆ ಸಿಗುವ ದೊಡ್ಡ ಕಂಪನಿಯ ಸರ್ವರ್‌ಗೆ, ಹಾಕಿ ತಿಂಗಳಿಗೆ 68,000 ಎನ್ನುತ್ತಾರೆ, ಜಿಎಸ್‌ಟಿ ಬೇರೆ. ಇನ್ನೊಬ್ಬರದು ಪ್ರೈವೇಟ್ ಕ್ಲೌಡ್. ನಮ್ಮ ಆಫೀಸಿನಲ್ಲೇ ಎರಡು ಹೊಸ ಸರ್ವರ್, 14 ಲಕ್ಷ, ನಾಲ್ಕನೇ ವರ್ಷದಿಂದ ಎಎಂಸಿ (ನಿರ್ವಹಣೆ ಒಪ್ಪಂದ) ವರ್ಷಕ್ಕೆ ಒಂದೂವರೆ ಲಕ್ಷ. ಮೂರನೆಯವರದು ಎರಡನ್ನೂ ಸೇರಿಸಿದ ಹೈಬ್ರಿಡ್: ಮೊದಲಿಗೆ 9 ಲಕ್ಷ, ಮೇಲೆ ತಿಂಗಳಿಗೆ 35,000. ಕಂಪ್ಯೂಟರ್ ಮುಂದೆ ಕೂರುವವರು ಒಟ್ಟು 45 ಜನ. ನಿಮ್ಮಲ್ಲಿ ಹೇಗೆ ನಿರ್ಧಾರ ಮಾಡಿದಿರಿ? ಬ್ರೋಷರ್ ಓದಿ ಸಾಕಾಗಿದೆ, ಅನುಭವ ಹೇಳಿ.

ಕುಡ್ಲ_ಕೇಬಲ್ | 9:52

ಮೊದಲು ಇದು ಹೇಳಿ. ಸರ್ವರ್ ರೂಮಿನ ಎಸಿ ರಾತ್ರಿ ಯಾರು ಆಫ್ ಮಾಡುತ್ತಾರೆ?

ಗೋಡಂಬಿ_ಲೆಕ್ಕ | 9:55

ಸೆಕ್ಯೂರಿಟಿಯವರು. ಕರೆಂಟ್ ಉಳಿಯಲಿ ಅಂತ. ನಿಮಗೆ ಹೇಗೆ ಗೊತ್ತಾಯಿತು?

ಕುಡ್ಲ_ಕೇಬಲ್ | 9:56

ಎಲ್ಲ ಕಡೆ ಅದೇ ಕಥೆ. ನಿಮಗೆ ಪ್ರೈವೇಟ್ ಬೇಡ.

ಸರ್ವರ್_ಭಟ್ರು | 10:20

ಒಂದು ಎಸಿ ನೋಡಿ ತೀರ್ಮಾನ ಮಾಡಬೇಡಿ, ಲೆಕ್ಕ ಹಾಕಿ. ತಿಂಗಳಿಗೆ 68,000 ಅಂದರೆ ಐದು ವರ್ಷಕ್ಕೆ 40 ಲಕ್ಷ 80 ಸಾವಿರ. ಪ್ರೈವೇಟ್‌ದು 14 ಲಕ್ಷ, ಎರಡು ವರ್ಷದ ಎಎಂಸಿ 3 ಲಕ್ಷ. ಕರೆಂಟು: ಎರಡು ಸರ್ವರ್ ಸೇರಿ 500 ವಾಟ್ ಹಿಡಿಯಿರಿ, ವರ್ಷಕ್ಕೆ 4,380 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಅಂತ ಇಟ್ಟರೆ 35,000. ಎಸಿಗೆ ಇನ್ನೊಂದು ಅಷ್ಟೇ. ಐದು ವರ್ಷಕ್ಕೆ ಮೂರೂವರೆ ಲಕ್ಷ. ಒಟ್ಟು ಇಪ್ಪತ್ತೂವರೆ. ಅರ್ಧ ದುಡ್ಡು ಕೈಯಲ್ಲಿ ಉಳಿಯಿತು.

ವರ್ಷವಿಡೀ ಒಂದೇ ಲೋಡ್ ಇರುವ ಕೆಲಸಕ್ಕೆ ಬಾಡಿಗೆ ಕೊಡುವುದು ದಂಡ. ಬೇಸ್‌ಕ್ಯಾಂಪ್ ಎಂಬ ಆಫೀಸ್ ಸಾಫ್ಟ್‌ವೇರ್ ಮಾಡುವ ಕಂಪನಿಯವರು 2022ರಲ್ಲಿ ಕ್ಲೌಡ್ ಬಿಡುತ್ತೇವೆ ಅಂತ ಹೇಳಿ 2023ರಲ್ಲಿ ಸ್ವಂತ ಸರ್ವರ್‌ಗೆ ಬಂದರು. ಅವರಿಗೆ ತಲೆ ಇಲ್ಲ ಅಂತ ಹೇಳುತ್ತೀರಾ?

ನೀರುದೋಸೆ | 10:41

ಭಟ್ರೇ, ನಿಮ್ಮ ಲೆಕ್ಕದಲ್ಲಿ ಮನುಷ್ಯನೇ ಇಲ್ಲ. ಬೇಸ್‌ಕ್ಯಾಂಪ್‌ನವರ ಹತ್ತಿರ ಸರ್ವರ್ ನೋಡುವುದಕ್ಕೆಂದೇ ಒಂದು ತಂಡ ಮೊದಲಿನಿಂದ ಉಂಟು. ಇವರ ಹತ್ತಿರ ಇರುವುದು ಪ್ರಿಂಟರ್ ರಿಪೇರಿ ಮಾಡಿದ ಒಬ್ಬ ಅಕೌಂಟೆಂಟ್. ರಾತ್ರಿ ಎರಡು ಗಂಟೆಗೆ ಸರ್ವರ್ ನಿಂತರೆ ಯಾರು ಬೈಕಂಪಾಡಿಗೆ ಹೋಗುತ್ತಾರೆ? ಸರಿಯಾಗಿ ಕೆಲಸ ಗೊತ್ತಿರುವ ಒಬ್ಬನನ್ನು ಇಟ್ಟುಕೊಂಡರೆ ಅವನ ಸಂಬಳದಲ್ಲೇ ನೀವು ಉಳಿಸಿದ ಇಪ್ಪತ್ತು ಲಕ್ಷ ಕರಗುತ್ತದೆ.

ಇನ್ನೊಂದು, ಆ 68,000 ಕೂಡ ಕಣ್ಣು ಮುಚ್ಚಿ ಹಾಕಿದ ರೇಟು. ಹಳೆ ಸರ್ವರ್‌ನಲ್ಲಿ ಎಷ್ಟು ಕೋರ್, ಎಷ್ಟು ರ್‍ಯಾಮ್ ಉಂಟೋ ಅಷ್ಟೇ ದೊಡ್ಡ ಮೆಷಿನ್ ಕ್ಲೌಡ್‌ನಲ್ಲಿ ಕೊಟ್ಟಿರುತ್ತಾರೆ. ಗೋಡಂಬಿಯಣ್ಣ, ಒಂದು ವಾರ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಸಿಪಿಯು ಎಷ್ಟು ಓಡುತ್ತದೆ?

ಗೋಡಂಬಿ_ಲೆಕ್ಕ | 10:48

ಈಗಲೇ ನೋಡಿದೆ, ಮನೆಯಿಂದ. 6 ಪರ್ಸೆಂಟ್. ಹಗಲು ಜಾಸ್ತಿ ಅಂದರೆ 20 ಇರಬಹುದು.

ನೀರುದೋಸೆ | 10:50

ನೋಡಿ! ನಾಲ್ಕು ಜನ ಇರುವ ಮನೆಗೆ ಕಲ್ಯಾಣ ಮಂಟಪ ಬಾಡಿಗೆಗೆ ಹಿಡಿದ ಹಾಗೆ. ಅರ್ಧ ಸೈಜಿನ ಮೆಷಿನ್ ಸಾಕು. ಟೆಸ್ಟಿಂಗ್ ಮೆಷಿನ್ ಇದ್ದರೆ ದಿನಕ್ಕೆ 10 ಗಂಟೆ, ತಿಂಗಳಿಗೆ 26 ದಿನ ಮಾತ್ರ ಓಡಿಸಿ. 730 ಗಂಟೆಯಲ್ಲಿ 260 ಗಂಟೆಗೆ ಮಾತ್ರ ಬಿಲ್. ಡಿಸ್ಕ್‌ನ ದುಡ್ಡು ಮಾತ್ರ ನಿಲ್ಲಿಸಿದರೂ ಬರುತ್ತದೆ, ಅದು ನೆನಪಿರಲಿ. ಮೂರು ತಿಂಗಳು ಓಡಿಸಿ ಸೈಜು ಗೊತ್ತಾದ ಮೇಲೆ ಒಂದು ವರ್ಷಕ್ಕೋ ಮೂರು ವರ್ಷಕ್ಕೋ ಒಪ್ಪಂದ ಮಾಡಿಕೊಂಡರೆ ಇನ್ನೂ ಇಳಿಯುತ್ತದೆ. ಮೊದಲ ದಿನವೇ ಮೂರು ವರ್ಷಕ್ಕೆ ಸಹಿ ಹಾಕಬೇಡಿ. ಸೇಲ್ಸ್‌ನವರು ಅದನ್ನೇ ಹಾಕಿಸಲು ನೋಡುತ್ತಾರೆ.

ಸರ್ವರ್_ಭಟ್ರು | 10:58

ಹಾಗಾದರೆ 6 ಪರ್ಸೆಂಟ್ ಓಡುವ ಕೆಲಸಕ್ಕೆ 14 ಲಕ್ಷದ ಸರ್ವರ್ ಕೂಡ ಬೇಡ. 5 ಲಕ್ಷದ್ದು ಸಾಕು. ಲೆಕ್ಕ ಎರಡೂ ಕಡೆ ಇಳಿಯುತ್ತದೆ ಸ್ವಾಮಿ.

ನೀರುದೋಸೆ | 10:59

ಅದು ಒಪ್ಪಿದೆ.

ಮಲ್ಪೆ_ಐಸ್ | 11:15

ಕರಾವಳಿಯಲ್ಲಿ ಸ್ವಂತ ಸರ್ವರ್ ಇಡುವವರು ನನ್ನ ಕಥೆ ಓದಿ. ನಮ್ಮದು ಮಲ್ಪೆ ಬಂದರಿನ ಹತ್ತಿರ ಐಸ್ ಪ್ಲಾಂಟ್. ಆಫೀಸ್ ಮೂಲೆಯಲ್ಲಿ ಒಂದು ಸರ್ವರ್ ಇತ್ತು, ಕಿಟಕಿ ಯಾವಾಗಲೂ ತೆರೆದೇ ಇರುತ್ತಿತ್ತು. ಎರಡೂವರೆ ವರ್ಷಕ್ಕೆ ಸುಮ್ಮಸುಮ್ಮನೆ ರೀಸ್ಟಾರ್ಟ್ ಆಗಲು ಶುರು. ಬಿಚ್ಚಿ ನೋಡಿದರೆ ರ್‍ಯಾಮ್ ಸ್ಲಾಟ್‌ನ ಹತ್ತಿರ ಹಸಿರು ಪುಡಿ, ಸ್ಕ್ರೂ ಎಲ್ಲ ತುಕ್ಕು. ಉಪ್ಪಿನ ಗಾಳಿ ಒಂದು ಕಡೆ, ಅಮೋನಿಯಾ ಇನ್ನೊಂದು ಕಡೆ. ತಾಮ್ರಕ್ಕೆ ಎರಡೂ ಶತ್ರು. ರಬ್ಬರ್‌ನಲ್ಲಿ ಉಜ್ಜಿ ಮತ್ತೆ ಹಾಕಿದೆವು, ಇನ್ನೊಂದು ಆರು ತಿಂಗಳು ಬಂತು.

ಆಮೇಲೆ ಸಿಡಿಲು. ಏಪ್ರಿಲ್ ಕೊನೆಗೆ ಸಂಜೆ ಮಳೆ ಶುರುವಾದರೆ ನಮ್ಮ ಕಡೆ ಎಲ್ಲರೂ ಟಿವಿ, ರೌಟರ್ ಪ್ಲಗ್ ಎಳೆಯುತ್ತಾರೆ ಅಲ್ವಾ. ಆಫೀಸಿನಲ್ಲಿ ಯಾರು ಎಳೆಯುತ್ತಾರೆ? ಆಫೀಸಿನಿಂದ ಪ್ಲಾಂಟ್‌ಗೆ ಅಂಗಳದ ಮೇಲಿಂದ ಲ್ಯಾನ್ ಕೇಬಲ್ ಎಳೆದಿದ್ದೆವು. ಸಿಡಿಲು ಬಿದ್ದದ್ದು ತೆಂಗಿನ ಮರಕ್ಕೆ, ಸತ್ತದ್ದು ಸ್ವಿಚ್ಚು, ಎರಡು ಕಂಪ್ಯೂಟರು, ಸರ್ವರ್‌ನ ನೆಟ್‌ವರ್ಕ್ ಪೋರ್ಟು. ಆ ಸುಟ್ಟ ವಾಸನೆ ಎರಡು ದಿನ ಹೋಗಲಿಲ್ಲ.

ಕುಡ್ಲ_ಕೇಬಲ್ | 11:22

ಎರಡು ಕಟ್ಟಡದ ನಡುವೆ ತಾಮ್ರದ ಕೇಬಲ್ ಎಳೆಯಲೇಬಾರದು. ಫೈಬರ್ ಹಾಕಿ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತೀರಾ? ಯಾರೂ ಹಾಕುವುದಿಲ್ಲ. ಮಣ್ಣು ಒಣಗಿದರೆ ಅರ್ತಿಂಗ್ ಹೆಸರಿಗೆ ಮಾತ್ರ.

ಮಲ್ಪೆ_ಐಸ್ | 11:24

ಈಗ ಹಾಕುತ್ತೇವೆ. ಸರ್ವರ್ ಇಲ್ಲ, ಆದರೂ ಹಾಕುತ್ತೇವೆ 😀

ಪಡುಬಿದ್ರಿ_ಪಾಸಿಂಜರ್ | ಮಂಗಳವಾರ ಬೆಳಿಗ್ಗೆ 7:30

ಎಲ್ಲ ಕ್ಲೌಡ್‌ಗೆ ಹಾಕಿ ಎನ್ನುವವರು ಮಳೆಗಾಲದಲ್ಲಿ ಇಲ್ಲಿ ಇರುತ್ತೀರಾ ಅಥವಾ ಬೆಂಗಳೂರಿನಿಂದ ಬರೆಯುತ್ತೀರಾ? ನಮ್ಮ ಗೋಡೌನ್‌ನಲ್ಲಿ ಜಾಣರ ಹಾಗೆ ಎರಡು ಕಂಪನಿಯ ಇಂಟರ್ನೆಟ್ ಹಾಕಿಸಿದ್ದೆವು. ಜುಲೈಯಲ್ಲಿ ಒಂದು ದೂಪದ ಮರ ಬಿತ್ತು. ಎರಡೂ ಲೈನ್ ಒಂದೇ ಕಂಬದ ಮೇಲೆ ಬಂದಿತ್ತು ಅಂತ ಅವತ್ತೇ ಗೊತ್ತಾದದ್ದು. ಒಂದೂವರೆ ದಿನ ಕ್ಲೌಡ್ ಇಲ್ಲ, ಬಿಲ್ ಇಲ್ಲ, ಗೇಟಿನಲ್ಲಿ ಹನ್ನೊಂದು ಲಾರಿ. ಡ್ರೈವರ್‌ಗಳಿಗೆ ಗಂಜಿ ಊಟ ನಾವೇ ಕೊಡಿಸಿದೆವು.

ನೀರುದೋಸೆ | 8:05

ನಾನು ಉಡುಪಿಯಲ್ಲೇ ಇದ್ದೇನೆ ಮಾರಾಯ್ರೆ. ಆದರೆ ಒಂದು ಕೇಳುತ್ತೇನೆ. ಸರ್ವರ್ ನಿಮ್ಮ ಮೇಜಿನ ಕೆಳಗೇ ಇದ್ದಿದ್ದರೆ ಆ ಲಾರಿ ಹೊರಡುತ್ತಿತ್ತಾ? 50,000 ದಾಟಿದ ಮಾಲಿಗೆ ಇ-ವೇ ಬಿಲ್ ಬೇಕು, ಅದು ಬರುವುದು ಸರ್ಕಾರದ ಪೋರ್ಟಲ್‌ನಿಂದ. ಇಂಟರ್ನೆಟ್ ಇಲ್ಲದೆ ಈಗ ಯಾವ ಗೋಡೌನೂ ಇಲ್ಲ.

ಪಡುಬಿದ್ರಿ_ಪಾಸಿಂಜರ್ | 8:20

ಅದು ಫೋನಿನಲ್ಲಿ ಕೂಡ ಆಗುತ್ತದೆ. ಆದರೆ ಯಾವ ಲಾರಿಯಲ್ಲಿ ಎಷ್ಟು ಚೀಲ ಅಂತ ಗೊತ್ತಾಗಬೇಕಲ್ಲ, ಅದು ಇದ್ದದ್ದು ಮುಂಬೈಯ ಕ್ಲೌಡ್‌ನಲ್ಲಿ. ಈಗ ನಾವು ವೇಬ್ರಿಜ್ ಕಂಪ್ಯೂಟರ್‌ನಲ್ಲೇ ಒಂದು ಪ್ರತಿ ಇಟ್ಟಿದ್ದೇವೆ. ಲೈನ್ ಹೋದರೂ ತೂಕದ ಚೀಟಿ ಪ್ರಿಂಟ್ ಆಗುತ್ತದೆ, ಲೈನ್ ಬಂದ ಮೇಲೆ ತಾನೇ ಮೇಲೆ ಹೋಗುತ್ತದೆ. ಇದನ್ನು ಹೈಬ್ರಿಡ್ ಅಂತ ಕರೆಯಬಹುದಾ ಗೊತ್ತಿಲ್ಲ, 9 ಲಕ್ಷ ಅಂತೂ ಆಗಲಿಲ್ಲ.

ಕಾರ್‌ಸ್ಟ್ರೀಟ್_ಕಾಮತ್ | 9:10

ಸುಮ್ನೆ ಯಾಕೆ ಇಷ್ಟು ಚರ್ಚೆ. ಡೇಟಾ ಭಾರತದಲ್ಲೇ ಇರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಉಂಟು. ಹಾಗಾಗಿ ಪಬ್ಲಿಕ್ ಕ್ಲೌಡ್ ಆಗುವುದೇ ಇಲ್ಲ.

ರಾತ್ರಿಪಾಳಿ | 9:45

ಮೂರು ತಪ್ಪು ಒಂದೇ ವಾಕ್ಯದಲ್ಲಿ ಸರ್, ಬೇಜಾರು ಮಾಡಬೇಡಿ. ಆ ನಿಯಮ 2018ರ ಏಪ್ರಿಲ್‌ನದ್ದು, ಪೇಮೆಂಟ್ ಡೇಟಾಗೆ ಮಾತ್ರ. ಗೋಡಂಬಿ ಕಂಪನಿಗೆ ಅದು ತಾಗುವುದಿಲ್ಲ. ಎರಡನೆಯದು, ಭಾರತದಲ್ಲಿ ಇರಬೇಕು ಅಂದರೆ ನಿಮ್ಮ ಕಟ್ಟಡದಲ್ಲಿ ಇರಬೇಕು ಅಂತ ಅಲ್ಲ. ಮೂರನೆಯದು, ಪಬ್ಲಿಕ್ ಕ್ಲೌಡ್‌ನವರು ಇಲ್ಲಿಯೇ ಇದ್ದಾರೆ. ಅಮೆಜಾನ್ ಮುಂಬೈಯಲ್ಲಿ 2016ರಿಂದ, ಹೈದರಾಬಾದಿನಲ್ಲಿ 2022ರಿಂದ. ಮೈಕ್ರೋಸಾಫ್ಟ್ 2015ರಲ್ಲೇ ಪುಣೆ, ಚೆನ್ನೈ, ಮುಂಬೈಯಲ್ಲಿ ತೆರೆದಿದೆ. ಗೂಗಲ್‌ನದ್ದು ಮುಂಬೈ ಮತ್ತು ದೆಹಲಿ. ಮೆಷಿನ್ ಮಾಡುವಾಗ ಊರು ಆರಿಸುವ ಪಟ್ಟಿ ಬರುತ್ತದೆ. ಅಲ್ಲಿ ಅವಸರದಲ್ಲಿ ಅಮೆರಿಕ ಒತ್ತಿ ಆಮೇಲೆ "ಕ್ಲೌಡ್ ಸ್ಲೋ" ಎನ್ನುವವರನ್ನು ನಾನೇ ನೋಡಿದ್ದೇನೆ.

ನಿಮಗೆ ತಾಗುವ ನಿಯಮ ಬೇರೆ ಉಂಟು. ಹಾಜರಿಗೆ ಬೆರಳಚ್ಚು ತಗೊಳ್ಳುತ್ತೀರಲ್ಲ, ಅದು ವೈಯಕ್ತಿಕ ಮಾಹಿತಿ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಜವಾಬ್ದಾರಿ ಮಾಹಿತಿ ಸಂಗ್ರಹಿಸಿದ ಕಂಪನಿಯ ಮೇಲೆಯೇ. ಕ್ಲೌಡ್‌ನವರ ಕಡೆ ಬೆರಳು ತೋರಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮತ್ತೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನವರ 2022ರ ಆದೇಶ: ಹ್ಯಾಕ್ ಆದರೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್ (ಸಿಸ್ಟಮ್‌ನಲ್ಲಿ ಯಾರು ಯಾವಾಗ ಎಂತ ಮಾಡಿದರು ಎಂಬ ದಾಖಲೆ) 180 ದಿನ ಇಡಬೇಕು. ನಿಮ್ಮ ಮೂರು ಕೊಟೇಶನ್‌ನಲ್ಲಿ ಲಾಗ್ ಅಂತ ಒಂದು ಶಬ್ದ ಉಂಟಾ ನೋಡಿ.

ಗೋಡಂಬಿ_ಲೆಕ್ಕ | 9:58

ಹುಡುಕಿದೆ. ಇಲ್ಲ. ಮೂರರಲ್ಲೂ "ಡಿಜಿಟಲ್ ಜರ್ನಿ" ಉಂಟು.

ಕಾರ್‌ಸ್ಟ್ರೀಟ್_ಕಾಮತ್ | 10:05

ಸರಿ, ಪೇಮೆಂಟ್ ಡೇಟಾ ಅಂತ ತಿದ್ದುತ್ತೇನೆ. ಆದರೆ ಬ್ಯಾಂಕ್‌ನ ವಿಷಯ ನಮಗೆ ಹೇಳಿಕೊಡಬೇಡಿ. ಐದು ದೊಡ್ಡ ಬ್ಯಾಂಕ್ ಹುಟ್ಟಿದ ಜಿಲ್ಲೆ ನಮ್ಮದು.

ಮಲ್ಪೆ_ಐಸ್ | 10:11

ಎಲ್ಲ ಉಡುಪಿಯದ್ದೇ.

ಕಾರ್‌ಸ್ಟ್ರೀಟ್_ಕಾಮತ್ | 10:13

ಎಂತ ಎಲ್ಲ ಉಡುಪಿ? ಕಾರ್ಪೊರೇಶನ್ ಬ್ಯಾಂಕ್ 1906, ಸಿಂಡಿಕೇಟ್ 1925, ಅವೆರಡು ನಿಮ್ಮದು. ಕೆನರಾ 1906, ಕರ್ಣಾಟಕ ಬ್ಯಾಂಕ್ 1924, ವಿಜಯಾ 1931, ಮೂರೂ ಮಂಗಳೂರು. ಆಗ ಜಿಲ್ಲೆ ಒಂದೇ, ಉಡುಪಿ ಬೇರೆಯಾದದ್ದು 1997ರಲ್ಲಿ. ಈಗ ವಿಜಯಾ, ಕಾರ್ಪೊರೇಶನ್, ಸಿಂಡಿಕೇಟ್ ಹೆಸರೇ ಇಲ್ಲ ಬಿಡಿ.

ಸೊಸೈಟಿ_ಅಕ್ಕ | 10:30

ಬ್ಯಾಂಕ್ ಜಗಳ ಮುಗಿಸಿ ನಮ್ಮ ಸಣ್ಣ ಸೊಸೈಟಿಯ ಕಥೆ ಕೇಳಿ. ನಾವು ಕ್ಲೌಡ್ ಆರಿಸಲಿಲ್ಲ, ಸಾಫ್ಟ್‌ವೇರ್ ಆರಿಸಿದೆವು. ಅದು ಯಾರದೋ ಕ್ಲೌಡ್‌ನಲ್ಲಿತ್ತು. ಆರು ವರ್ಷ ಆರಾಮ. ಆಮೇಲೆ ಅವರು ರೇಟ್ ಜಾಸ್ತಿ ಮಾಡಿದರು, ನಾವು ಬೇರೆಯವರ ಹತ್ತಿರ ಹೋಗುತ್ತೇವೆ, ಡೇಟಾ ಕೊಡಿ ಅಂದೆವು. ಕೊಟ್ಟರು. ಪಿಡಿಎಫ್‌ನಲ್ಲಿ! ಸದಸ್ಯರ ಲೆಡ್ಜರ್ ಹದಿನಾಲ್ಕು ಸಾವಿರ ಪುಟ. ಕೇಳಿದರೆ ಒಪ್ಪಂದದಲ್ಲಿ "ಡೇಟಾ ಹಸ್ತಾಂತರ" ಅಂತ ಮಾತ್ರ ಉಂಟು, ಯಾವ ರೂಪದಲ್ಲಿ ಅಂತ ಇಲ್ಲ ಎಂದರು. ನಾಲ್ಕು ಹುಡುಗಿಯರು ಮೂರು ತಿಂಗಳು ಕೂತು ಟೈಪ್ ಮಾಡಿದರು. ಆಡಿಟ್‌ನವರ ಮುಂದೆ ನಮ್ಮ ಕಾರ್ಯದರ್ಶಿಯ ಮುಖ ನೋಡಬೇಕಿತ್ತು.

ಹಾಗಾಗಿ ತಮ್ಮ, ಒಳಗೆ ಹೋಗುವ ರೇಟು ಆಮೇಲೆ ಕೇಳು. ಹೊರಗೆ ಬರುವ ದಾರಿ ಮೊದಲು ಬರೆಸಿಕೋ. ಡೇಟಾಬೇಸ್ ಪೂರ್ತಿ ಪ್ರತಿ, ಎಷ್ಟು ದಿನದಲ್ಲಿ, ಎಷ್ಟು ದುಡ್ಡಿಗೆ, ಎಲ್ಲವೂ ಕಾಗದದಲ್ಲಿ ಇರಲಿ.

ಸುರತ್ಕಲ್_ಸ್ಟ್ರೀಮ್ | 11:00

ಅಕ್ಕ ಹೇಳಿದ್ದು ನೂರಕ್ಕೆ ನೂರು. ದೊಡ್ಡ ಕ್ಲೌಡ್‌ಗಳಲ್ಲೂ ಒಳಗೆ ಹಾಕುವುದು ಫ್ರೀ, ಹೊರಗೆ ತೆಗೆಯಲು ದುಡ್ಡು. ಅಮೆಜಾನ್ ಮುಂಬೈಯಲ್ಲಿ ತಿಂಗಳಿಗೆ ಮೊದಲ 100 ಜಿಬಿ ಫ್ರೀ, ಆಮೇಲೆ ಜಿಬಿಗೆ ಸುಮಾರು 11 ಸೆಂಟ್. ಎರಡು ಟಿಬಿ ಇಳಿಸಿದರೆ 200 ಡಾಲರ್ ದಾಟುತ್ತದೆ. ಪೂರ್ತಿ ಬಿಟ್ಟು ಹೋಗುವವರಿಗೆ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂವರೂ 2024ರಲ್ಲಿ ಆ ಚಾರ್ಜ್ ಮನ್ನಾ ಮಾಡಿದರು, ಆದರೆ ಅರ್ಜಿ ಹಾಕಿ ಕೇಳಬೇಕು.

ನಮ್ಮದು ಕಂಬಳ, ಯಕ್ಷಗಾನ ಲೈವ್ ಮಾಡುವ ಸಣ್ಣ ತಂಡ. ಶನಿವಾರ ಸಂಜೆಯಿಂದ ಭಾನುವಾರದವರೆಗೆ ದುಬೈ, ದೋಹಾ, ಮುಂಬೈಯಿಂದ ಜನ ಮುತ್ತುತ್ತಾರೆ. ಕಂಬಳದ ಹಗ್ಗ ಹಿರಿಯ ವಿಭಾಗದ ಫೈನಲ್ ಹೊತ್ತಿಗೆ ಹತ್ತು ಪಟ್ಟು. ಸೋಮವಾರ ಯಾರೂ ಇಲ್ಲ. ನಮ್ಮಂಥವರಿಗೆ ಪಬ್ಲಿಕ್ ಬಿಟ್ಟರೆ ದಾರಿ ಇಲ್ಲ, ಆ ಒಂದು ರಾತ್ರಿಗೋಸ್ಕರ ಯಾರು ಸರ್ವರ್ ತಗೊಳ್ಳುತ್ತಾರೆ? ಒಮ್ಮೆ ಮಾತ್ರ ಮೆಷಿನ್ ಆಫ್ ಮಾಡಲು ಮರೆತೆ. ಕೋಣಗಳು ಮನೆಗೆ ಹೋಗಿ ಮಲಗಿದ್ದವು, ನಮ್ಮ ಎಂಟು ಮೆಷಿನ್ ಗುರುವಾರದವರೆಗೆ ಓಡಿದವು. ಬಿಲ್ ನೋಡಿ ಪಾರ್ಟ್‌ನರ್ ಒಂದು ವಾರ ಮಾತಾಡಲಿಲ್ಲ. ಬಜೆಟ್ ಅಲಾರಂ ಮೊದಲ ದಿನವೇ ಇಡಿ.

ಗೋಡಂಬಿಯವರೇ, ನಿಮ್ಮಲ್ಲಿ ಹಾಗೆ ಏರಿಳಿತ ಉಂಟಾ?

ಗೋಡಂಬಿ_ಲೆಕ್ಕ | 11:12

ಇಲ್ಲ. ತಿಂಗಳ 11 ಮತ್ತು 20ಕ್ಕೆ ಜಿಎಸ್‌ಟಿ ದಿನ ನನ್ನ ಬಿಪಿ ಮಾತ್ರ ಏರುತ್ತದೆ.

ಸರ್ವರ್_ಭಟ್ರು | 11:20

ನಾನು ಹೇಳಿದ್ದು ಅದನ್ನೇ. ಏರಿಳಿತ ಇದ್ದರೆ ಬಾಡಿಗೆ, ಇಲ್ಲದಿದ್ದರೆ ಸ್ವಂತ.

ನೀರುದೋಸೆ | 11:22

ನೋಡುವವರಿದ್ದರೆ ಸ್ವಂತ. ಅರ್ಧ ವಾಕ್ಯ ನುಂಗಬೇಡಿ.

ತೊಕ್ಕೊಟ್ಟು_ಟೆಕ್ | 11:40

ಒಂದು ವಿಷಯ ಯಾರೂ ಕೇಳಲಿಲ್ಲ. ಆ 14 ಲಕ್ಷದ್ದು ನಿಜವಾಗಿ ಪ್ರೈವೇಟ್ ಕ್ಲೌಡಾ? ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್ 2011ರಲ್ಲಿ ಇದಕ್ಕೆ ವ್ಯಾಖ್ಯೆ ಬರೆದಿದೆ. ಬೇಕಾದವರು ತಾವೇ ಮೆಷಿನ್ ಮಾಡಿಕೊಳ್ಳಬೇಕು, ಇರುವ ಶಕ್ತಿಯನ್ನು ಎಲ್ಲರೂ ಹಂಚಿಕೊಳ್ಳಬೇಕು, ಬೇಕಾದಾಗ ಹಿಗ್ಗಿ ಕುಗ್ಗಬೇಕು, ಎಷ್ಟು ಬಳಸಿದೆವು ಅಂತ ಅಳೆಯಬೇಕು. ಎರಡು ಸರ್ವರ್‌ನ ಮೇಲೆ ವರ್ಚುವಲ್ ಮೆಷಿನ್ (ಸರ್ವರ್‌ನೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಬೇರೆ ಬೇರೆ ಕಂಪ್ಯೂಟರ್) ಹಾಕಿ ಕೊಟ್ಟರೆ ಅದು ಸರ್ವರ್ ರೂಮು. ಒಳ್ಳೆ ಸರ್ವರ್ ರೂಮೇ ಇರಬಹುದು, ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಡಿ. ನೂರಾರು ಡೆವಲಪರ್, ಹತ್ತಾರು ವಿಭಾಗ ಇರುವ ಕಡೆ ನಿಜವಾದ ಪ್ರೈವೇಟ್ ಕ್ಲೌಡ್‌ಗೆ ಅರ್ಥ ಉಂಟು. 45 ಜನಕ್ಕೆ ಎಂತ?

ಮತ್ತೆ ಕೊಟೇಶನ್‌ನಲ್ಲಿ ವಿಎಂವೇರ್ ಉಂಟಾ ನೋಡಿ, ಆ ವರ್ಚುವಲ್ ಮೆಷಿನ್ ಓಡಿಸುವ ಸಾಫ್ಟ್‌ವೇರ್. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡಮೇಲೆ ಒಮ್ಮೆ ಕೊಂಡು ಶಾಶ್ವತವಾಗಿ ಇಟ್ಟುಕೊಳ್ಳುವ ಲೈಸೆನ್ಸ್ ನಿಂತಿತು. ಈಗ ಚಂದಾ ಮಾತ್ರ, ಪ್ರತಿ ಸಿಪಿಯುಗೆ ಕನಿಷ್ಠ 16 ಕೋರ್ ಲೆಕ್ಕ. ಸ್ವಂತ ಅಂತ ತಗೊಂಡ ಸರ್ವರ್‌ಗೂ ಬಾಡಿಗೆ! ಅದೇ ಕೆಲಸ ಮಾಡುವ ಪ್ರಾಕ್ಸ್‌ಮಾಕ್ಸ್ ಹಾಕಿದರೆ ಲೈಸೆನ್ಸ್ ದುಡ್ಡಿಲ್ಲ, ಆದರೆ ಗೊತ್ತಿರುವವರು ಬೇಕು.

ಕುಡ್ಲ_ಕೇಬಲ್ | 11:47

ಗೊತ್ತಿರುವವರು ದುಬೈಯಲ್ಲಿ ಇದ್ದಾರೆ.

ಗೋಡಂಬಿ_ಲೆಕ್ಕ | 11:50

ತಮಾಷೆ ಅಲ್ಲ, ನಮ್ಮ ಸರ್ವರ್ ಸೆಟಪ್ ಮಾಡಿದ ಹುಡುಗ ದುಬೈಗೆ ಹೋಗಿ ಮೂರು ವರ್ಷ ಆಯಿತು. ಬ್ಯಾಕಪ್ ಕೂಡ ಅವನೇ ಇಟ್ಟದ್ದು. ರಾತ್ರಿ ಹಸಿರು ದೀಪ ಬರುತ್ತದೆ, ನಾನು ಅಷ್ಟೇ ನೋಡುವುದು. ಕೊಟೇಶನ್‌ನಲ್ಲಿ ವಿಎಂವೇರ್ ಉಂಟು.

ಸೊಸೈಟಿ_ಅಕ್ಕ | 12:10

ನಾವು ಇಪ್ಪತ್ತು ಸೊಸೈಟಿ ಸೇರಿ ಒಂದು ಮಾಡಿಕೊಂಡರೆ ಅದಕ್ಕೆ ಎಂತ ಹೆಸರು?

ತೊಕ್ಕೊಟ್ಟು_ಟೆಕ್ | 12:14

ಕಮ್ಯುನಿಟಿ ಕ್ಲೌಡ್. ನಿಸ್ಟ್‌ನವರ ಪಟ್ಟಿಯಲ್ಲಿ ಅದೂ ಉಂಟು, ಮಾರುವವರು ಅದನ್ನು ಹೇಳುವುದೇ ಇಲ್ಲ.

ಕಾರ್‌ಸ್ಟ್ರೀಟ್_ಕಾಮತ್ | 12:16

ಚಾವಿ ಯಾರ ಹತ್ತಿರ ಅಂತ ನಿರ್ಧಾರ ಆಗುವಾಗ ಸರ್ವರ್‌ನ ವಾರಂಟಿ ಮುಗಿದಿರುತ್ತದೆ.

ರಾತ್ರಿಪಾಳಿ | ಮಧ್ಯಾಹ್ನ 2:30

ನಿಜವಾದ ಹೈಬ್ರಿಡ್ ಹೇಗಿರುತ್ತದೆ ಅಂತ ಹೇಳುತ್ತೇನೆ, ನಾನು ಒಂದು ಆಸ್ಪತ್ರೆಯಲ್ಲಿ ಅದನ್ನೇ ನೋಡುವುದು. ಒಂದು ಸಿಟಿ ಸ್ಕ್ಯಾನ್ ಅಂದರೆ ಕೆಲವು ನೂರು ಎಂಬಿ. ಡಾಕ್ಟರ್ ಕ್ಲಿಕ್ ಮಾಡಿದ ಕೂಡಲೇ ಬರಬೇಕು, ಮಳೆ ಬರಲಿ, ಲೈನ್ ಹೋಗಲಿ. ಹಾಗಾಗಿ ಹೊಸ ಸ್ಕ್ಯಾನ್ ಎಲ್ಲ ನಮ್ಮ ಕಟ್ಟಡದಲ್ಲೇ. ಹಳೆಯವು ನಿಧಾನಕ್ಕೆ ರಾತ್ರಿ ಹೊತ್ತು ಕ್ಲೌಡ್‌ಗೆ ಹೋಗುತ್ತವೆ. ಅಪಾಯಿಂಟ್‌ಮೆಂಟ್ ವೆಬ್‌ಸೈಟ್ ಪೂರ್ತಿ ಕ್ಲೌಡ್‌ನಲ್ಲಿ, ಅದು ಹೊರಗಿನವರಿಗೆ.

ಮೊದಲ ವರ್ಷ ನಾನು ಮಾಡಿದ ತಪ್ಪು: ಹಳೆ ಸ್ಕ್ಯಾನ್‌ಗೆ ಎಲ್ಲಕ್ಕಿಂತ ಕಡಿಮೆ ರೇಟಿನ ಸ್ಟೋರೇಜ್ ಆರಿಸಿದೆ. ಕಡಿಮೆ ಯಾಕೆ ಅಂದರೆ ಕೇಳಿದ ಮೇಲೆ ತೆಗೆದುಕೊಡಲು ಅವರು ಗಂಟೆಗಟ್ಟಲೆ ತಗೊಳ್ಳುತ್ತಾರೆ. ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನು ಓದಲಿಲ್ಲ. ಒಂದು ದಿನ ಡಾಕ್ಟರ್ ಓಪಿಡಿಯಲ್ಲಿ ಕೂತು ಎರಡು ವರ್ಷದ ಹಿಂದಿನ ಸ್ಕ್ಯಾನ್ ಕೇಳಿದರು. ರೋಗಿ ಭಟ್ಕಳದಿಂದ ಬಂದವರು. "ಸಂಜೆ ಬರುತ್ತದೆ" ಅಂತ ನಾನು ಹೇಳಿದಾಗ ಡಾಕ್ಟರ್ ಏನೂ ಬೈಯಲಿಲ್ಲ. ಸುಮ್ಮನೆ ನನ್ನನ್ನೇ ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು.

ಹೈಬ್ರಿಡ್ ಅಂದರೆ ಎರಡು ಬಿಲ್ಲು, ಎರಡು ತರದ ಪಾಸ್‌ವರ್ಡು, ನಡುವಿನ ಲೈನಿಗೆ ಮೂರನೆಯ ಬಿಲ್ಲು. ಕಾರಣ ಇದ್ದರೆ ಮಾತ್ರ ಮಾಡಿ.

ನೀರುದೋಸೆ | 2:44

ಮನೆಯಲ್ಲಿ ಅಡುಗೆ ಮಾಡಿ ಹಾಲ್‌ಗೆ ಸಾಗಿಸಿದ ಹಾಗೆ. ಸಾಂಬಾರ್ ಚೆಲ್ಲುವುದು ದಾರಿಯಲ್ಲೇ.

ಮಲ್ಪೆ_ಐಸ್ | 2:50

ನಮ್ಮಲ್ಲಿ ಚೆಲ್ಲಿದ್ದು ಪಾಯಸ. ಅಣ್ಣನ ಮದುವೆ. ಈಗಲೂ ಆ ಓಮ್ನಿ ಇರುವೆ ಬಿಟ್ಟಿಲ್ಲ.

ತೊಕ್ಕೊಟ್ಟು_ಟೆಕ್ | 3:15

ಗೋಡಂಬಿಯವರೇ, ನಿಮ್ಮ ಸಿಸಿಟಿವಿ ಎಷ್ಟು? ಹೈಬ್ರಿಡ್‌ನವರು ಅದನ್ನೂ ಕ್ಲೌಡ್‌ಗೆ ಸೇರಿಸಿದ್ದಾರಾ?

ಗೋಡಂಬಿ_ಲೆಕ್ಕ | 3:20

40 ಕ್ಯಾಮೆರಾ. ಹೌದು, ಸೇರಿಸಿದ್ದಾರೆ.

ತೊಕ್ಕೊಟ್ಟು_ಟೆಕ್ | 3:31

ದಮ್ಮಯ್ಯ ಬೇಡ. ಕ್ಯಾಮೆರಾಕ್ಕೆ 2 ಎಂಬಿಪಿಎಸ್ ಹಿಡಿದರೂ 40ಕ್ಕೆ 80 ಎಂಬಿಪಿಎಸ್, ಹಗಲು ರಾತ್ರಿ ಮೇಲಕ್ಕೆ ಹೋಗುತ್ತಲೇ ಇರಬೇಕು. ದಿನಕ್ಕೆ 864 ಜಿಬಿ. ತಿಂಗಳಿಗೆ 26 ಟಿಬಿ ಹತ್ತಿರ. ಯಾರೂ ನೋಡದ ಗೋಡೌನ್ ಗೋಡೆಯ ವಿಡಿಯೋಗೆ. ಒಂದು ರೆಕಾರ್ಡರ್ ಡಬ್ಬ ಫ್ಯಾಕ್ಟರಿಯಲ್ಲೇ ಇಡಿ, ಮುಗಿಯಿತು.

ಕುಡ್ಲ_ಕೇಬಲ್ | 3:40

ಇನ್ನೊಂದು ಹೇಳಿ ಹೋಗುತ್ತೇನೆ. ಕ್ಲೌಡ್‌ನಲ್ಲಿ ಉಂಟು ಅಂದರೆ ಬ್ಯಾಕಪ್ ಉಂಟು ಅಂತ ಅಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರ್ ಸುಟ್ಟಿತು. ಬ್ಯಾಕಪ್ ಕೂಡ ಅದೇ ಜಾಗದಲ್ಲಿ ಇಟ್ಟವರು ಎರಡನ್ನೂ ಕಳೆದುಕೊಂಡರು. 2024ರ ಮೇಯಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ಸಂಸ್ಥೆಯ ಪ್ರೈವೇಟ್ ಕ್ಲೌಡ್ ಗೂಗಲ್‌ನಲ್ಲಿ ಅಳಿಸಿ ಹೋಯಿತು. ಸೆಟಪ್ ಮಾಡುವಾಗ ಗೂಗಲ್‌ನವರು ಒಂದು ಸೆಟ್ಟಿಂಗ್ ಖಾಲಿ ಬಿಟ್ಟದ್ದಕ್ಕೆ. ಎರಡು ಕಡೆ ಪ್ರತಿ ಇತ್ತು, ಎರಡೂ ಹೋಯಿತು. ಆರು ಲಕ್ಷಕ್ಕಿಂತ ಜಾಸ್ತಿ ಸದಸ್ಯರು. ಬೇರೆ ಕಂಪನಿಯ ಹತ್ತಿರವೂ ಬ್ಯಾಕಪ್ ಇಟ್ಟದ್ದು ಕೈ ಹಿಡಿಯಿತು.

ಆ ಹಸಿರು ದೀಪ ನಂಬಬೇಡಿ. ಒಮ್ಮೆ ರಿಸ್ಟೋರ್ ಮಾಡಿ, ಅಂದರೆ ಬ್ಯಾಕಪ್‌ನಿಂದ ಡೇಟಾ ವಾಪಸ್ ತೆಗೆದು ನೋಡಿ. ಈ ಶನಿವಾರವೇ.

ಗೋಡಂಬಿ_ಲೆಕ್ಕ | 3:48

ಮಾಡುತ್ತೇನೆ ಅಣ್ಣ.

ಗೋಡಂಬಿ_ಲೆಕ್ಕ | ಮೂರು ವಾರದ ಮೇಲೆ, ಭಾನುವಾರ ರಾತ್ರಿ 11:30

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳಲೇಬೇಕು.

ನಿಮ್ಮ ಮಾತೆಲ್ಲ ಪ್ರಿಂಟ್ ತೆಗೆದು ಧಣಿಗಳ ಮೇಜಿನ ಮೇಲೆ ಇಟ್ಟೆ. ಹೆಸರು ನೋಡಿ "ಇವರೆಲ್ಲ ಯಾರು, ನೀರುದೋಸೆ, ಐಸ್?" ಅಂತ ಕೇಳಿದರು, ಆದರೂ ಪೂರ್ತಿ ಓದಿದರು. ಆಮೇಲೆ ಕ್ಲೌಡ್ ಅನ್ನುವ ಶಬ್ದ ಬಿಟ್ಟು ಒಂದೊಂದೇ ಕೆಲಸ ಹಿಡಿದೆವು. ಇದು ನಿಂತರೆ ಎಷ್ಟು ಹೊತ್ತು ತಡೆಯಬಹುದು, ಮೊದಲ ಫೋನ್ ಯಾರಿಗೆ ಬರುತ್ತದೆ? ಇಆರ್‌ಪಿ, ಟ್ಯಾಲಿ ಅರ್ಧ ದಿನ ತಡೆಯುತ್ತದೆ. ಅದು ಮುಂಬೈಯ ಪಬ್ಲಿಕ್ ಕ್ಲೌಡ್‌ಗೆ ಹೋಗುತ್ತದೆ, ಅರ್ಧ ಸೈಜಿನ ಮೆಷಿನ್, ಮೂರು ತಿಂಗಳು ಒಪ್ಪಂದ ಇಲ್ಲದೆ. ಹೊಸ ರೇಟು 31,000. ವೇಬ್ರಿಜ್ ಹತ್ತು ನಿಮಿಷ ಕೂಡ ನಿಲ್ಲಬಾರದು, ಪಡುಬಿದ್ರಿಯವರು ಹೇಳಿದ ಹಾಗೆ ಅಲ್ಲೇ ಒಂದು ಪ್ರತಿ. ಸಿಸಿಟಿವಿ ಫ್ಯಾಕ್ಟರಿಯಲ್ಲಿ. ಬ್ಯಾಕಪ್ ಬೇರೆ ಕಂಪನಿಯ ಹತ್ತಿರ. ಹೊರಗೆ ಬರುವ ದಾರಿ ಅಕ್ಕ ಹೇಳಿದ ಹಾಗೆ ಕಾಗದದಲ್ಲಿ ಬರೆಸಿದೆ. ಅದಕ್ಕೆ ಎರಡು ವಾರ ಎಳೆದಾಡಿದರು. ಎರಡನೇ ಲೈನ್ ಬೇರೆ ಕಂಬದಿಂದ ತರಿಸುತ್ತಿದ್ದೇವೆ, ಅದು ವರ್ಷಗಟ್ಟಲೆ ಎಳೆದ ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಹಾಗೆ ಆಗದಿದ್ದರೆ ಸಾಕು.

ಎಲ್ಲ ಕೇಳಿ ಧಣಿಗಳು "ಸ್ವಲ್ಪ ಇಲ್ಲಿ, ಸ್ವಲ್ಪ ಅಲ್ಲಿ. ಅಂದರೆ ಇದು ಹೈಬ್ರಿಡ್ ಅಲ್ವಾ?" ಅಂದರು. ಹೌದು ಸರ್ ಅಂದೆ. ಖುಷಿಯಾದರು.

ಸರ್ವರ್_ಭಟ್ರು | 11:41

31,000 ಅಂದರೆ ಐದು ವರ್ಷಕ್ಕೆ 18 ಲಕ್ಷ 60 ಸಾವಿರ. ನನ್ನ 5 ಲಕ್ಷದ ಸರ್ವರ್...

ನೀರುದೋಸೆ | 11:42

ಭಟ್ರೇ ಮಲಗಿ.

ಕುಡ್ಲ_ಕೇಬಲ್ | 11:45

ರಿಸ್ಟೋರ್ ಮಾಡಿದಿರಾ?

ಗೋಡಂಬಿ_ಲೆಕ್ಕ | 11:58

ಅದನ್ನು ನೀವು ಕೇಳದಿದ್ದರೆ ಹೇಳಬಾರದು ಅಂತ ಇದ್ದೆ. ಶನಿವಾರ ಬೆಳಿಗ್ಗೆ ಒಂದು ಹಳೆ ಕಂಪ್ಯೂಟರ್ ತಂದು ಬ್ಯಾಕಪ್ ಫೈಲ್ ತೆರೆದೆ. ಪಾಸ್‌ವರ್ಡ್ ಕೇಳಿತು. ಬ್ಯಾಕಪ್‌ಗೆ ಪಾಸ್‌ವರ್ಡ್ ಉಂಟು ಅಂತಲೇ ಮೂರು ವರ್ಷ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಎಲ್ಲ ಹಾಕಿದೆ. ಧಣಿಗಳ ಮಗಳ ಹೆಸರು ಹಾಕಿದೆ. ಬೆವರು ಇಳಿಯಿತು. ಕೊನೆಗೆ ದುಬೈ ಹುಡುಗನಿಗೆ ವಾಟ್ಸಾಪ್ ಮಾಡಿದೆ. ಅವನು ಡ್ಯೂಟಿಯಲ್ಲಿದ್ದ, ರಾತ್ರಿ ಹನ್ನೆರಡೂವರೆಗೆ ಉತ್ತರ ಬಂತು. ಧಣಿಗಳ ಹಳೆ ಕ್ವಾಲಿಸ್ ಗಾಡಿಯ ನಂಬರು. ಆ ಗಾಡಿ ಮಾರಿ ಎಷ್ಟೋ ವರ್ಷ ಆಗಿದೆ. ಆರ್‌ಸಿ ಪ್ರತಿ ಹಳೆ ಫೈಲಿನಲ್ಲಿ ಸಿಕ್ಕಿತು, ಹಾಕಿದೆ, ತೆರೆಯಿತು.

ಈಗ ಬದಲಾಯಿಸಿದ್ದೇನೆ. ಕವರ್‌ನಲ್ಲಿ ಹಾಕಿ ಲಾಕರ್‌ನಲ್ಲಿ ಇಟ್ಟಿದ್ದೇನೆ. ಲಾಕರ್ ಚಾವಿ ಧಣಿಗಳ ಹತ್ತಿರ, ಅವರು ಸಿಂಗಾಪುರಕ್ಕೆ ಹೋಗಿದ್ದಾರೆ.